ನೀವು ಮೊದಲು ಹೋಗಿ

ಕೆಲವರಿಗೆ ಸಕ್ಕರೆ ಕಾಯಿಲೆ ಇರುತ್ತದೆ, ಕೆಲವರಿಗೆ ಬಿ.ಪಿ. ನನಗಿರುವುದು ಮರ್ಯಾದೆ. ಇದೂ ಅಪ್ಪನಿಂದಲೇ ಬಂದದ್ದು, ಇದಕ್ಕೂ ಪೂರ್ತಿ ಗುಣವಾಗುವ ಮದ್ದಿಲ್ಲ. ಹೋಟೆಲಿನಲ್ಲಿ ನನ್ನ ಕಾಲು ತುಳಿದವನಿಗೂ ನಾನೇ "ಸಾರಿ" ಹೇಳಿ ಬರುತ್ತೇನೆ.

ಗೋಣಿಕೊಪ್ಪಲಿನ ಹತ್ತಿರದ ಒಂದು ಎಸ್ಟೇಟಿನಲ್ಲಿ ನಾನು ರೈಟರ್. ಕತೆ ಬರೆಯುವವನಲ್ಲ, ಆಳುಗಳ ಹಾಜರಿ ಬರೆಯುವವನು. ನಮ್ಮ ಕಡೆಯ ತೋಟದ ರಸ್ತೆಗಳು ಒಂದು ಜೀಪಿನಷ್ಟೇ ಅಗಲ. ಒಂದು ಬದಿ ಎತ್ತರದ ಮಣ್ಣಿನ ಬರೆ, ಇನ್ನೊಂದು ಬದಿ ಚರಂಡಿ. ಎದುರಿಗೆ ಗಾಡಿ ಬಂದರೆ ಯಾರಾದರೂ ಒಬ್ಬರು ಅಗಲದ ಜಾಗದವರೆಗೆ ಹಿಂದಕ್ಕೆ ಹೋಗಬೇಕು. "ಹಿಂದೆ ಹೋದವನೇ ದೊಡ್ಡ ಮನುಷ್ಯ" ಎಂದು ಅಪ್ಪ ಹೇಳುತ್ತಿರುತ್ತಾರೆ. ಆ ದೊಡ್ಡತನದ ಆಸೆಗೆ ನಾನು ಸೈಕಲ್ಲಿನವರಿಗೂ ರಿವರ್ಸ್ ಹೋದದ್ದುಂಟು. ನನ್ನ ಹೆಂಡತಿ ಪುಷ್ಪಾಳಿಗೂ ಲೈಸೆನ್ಸ್ ಇದೆ. ಆದರೆ ಅವಳಿಗೆ ರಸ್ತೆಯ ಮರ್ಯಾದೆ ಸಾಲದೆಂದು ನಾನು ಕಾರು ಕೊಡುತ್ತಿರಲಿಲ್ಲ.

ಕಳೆದ ಜೂನಿನ ಒಂದು ಬೆಳಿಗ್ಗೆ ಹತ್ತು ಗಂಟೆಗೆ ವಿರಾಜಪೇಟೆಯ ಒಂದು ಶಾಲೆಯಲ್ಲಿ ಪುಷ್ಪಾಳಿಗೆ ಟೀಚರ್ ಕೆಲಸದ ಇಂಟರ್‌ವ್ಯೂ ಇತ್ತು. ಬಿ.ಎಡ್. ಮುಗಿಸಿ ಒಂಬತ್ತು ವರ್ಷದ ಮೇಲೆ ಬಂದ ಮೊದಲ ಕರೆ. ಹೊಸ ಸೀರೆ ಉಟ್ಟು, ಮಡಿಲಲ್ಲಿ ಸರ್ಟಿಫಿಕೇಟಿನ ಫೈಲು ಹಿಡಿದು, ಒಂಬತ್ತಕ್ಕೇ ಕಾರಿನಲ್ಲಿ ಕೂತಿದ್ದಳು. ಹೊರಟು ಮೊದಲ ತಿರುವಿಗೆ ಬರುವಾಗಲೇ ಪಕ್ಕದ ತೋಟದ ಕುಶಾಲಪ್ಪ ಅಂಕಲ್‌ ಅವರ ಜೀಪು ಎದುರಾಯಿತು. ಮರ್ಯಾದೆಯಲ್ಲಿ ಅವರು ನನ್ನ ಅಪ್ಪನಿಗೂ ಗುರು. ನಾನು ತಕ್ಷಣ ನಮ್ಮ ಗೇಟಿನವರೆಗೆ ಹಿಂದೆ ಹೋಗಿ ಕಾದೆ.

ಜೀಪು ಬರಲಿಲ್ಲ. ಅವರೂ ತಿರುವಿನ ಆಚೆ, ಮೋರಿಯ ಹತ್ತಿರದ ಅಗಲ ಜಾಗಕ್ಕೆ ಹಿಂದೆ ಹೋಗಿ ನನಗಾಗಿ ಕಾಯುತ್ತಿದ್ದರು. ಐದು ನಿಮಿಷ ನೋಡಿ ನಾನು ಹೊರಟೆ. ಅವರೂ ಐದು ನಿಮಿಷ ನೋಡಿ ಹೊರಟರು. ಅದೇ ತಿರುವಿನಲ್ಲಿ ಮತ್ತೆ ಮುಖಾಮುಖಿ. ಇಬ್ಬರೂ ನಕ್ಕೆವು, ಇಬ್ಬರೂ ಮತ್ತೆ ಹಿಂದೆ ಹೋದೆವು.

"ನಮ್ಗೆ ಅರ್ಜೆಂಟ್ ಇದೆ ಅಂತ ಅವ್ರಿಗೆ ಹೇಳಿ" ಎಂದಳು ಪುಷ್ಪಾ.

"ಹಿರಿಯರಿಗೆ ಅವಸರ ಮಾಡ್ಬಾರ್ದು" ಎಂದೆ ನಾನು.

ಈ ಸಲ ಅಂಕಲ್ ಜೀಪನ್ನು ಮೋರಿಯ ಹತ್ತಿರವೇ ಬಿಟ್ಟು, ನಡೆದುಕೊಂಡೇ ಬಂದರು. "ನೀನು ಮೊದ್ಲು ಹೋಗು ಮಾರಾಯ" ಎಂದರು. ಕೂತಲ್ಲಿಂದ ಮಾತಾಡುವುದು ಸರಿಯೇ? ಇಳಿದೆ. "ಇಲ್ಲ ಅಂಕಲ್, ನೀವು ಮೊದಲು." ಅವರು ಅಪ್ಪನ ಮೊಣಕಾಲು ವಿಚಾರಿಸಿದರು, ನಾನು ಅವರ ಕರಿಮೆಣಸಿನ ಬಳ್ಳಿ ವಿಚಾರಿಸಿದೆ. ಬಳ್ಳಿಗೆ ರೋಗವಂತೆ. ರೋಗದ ಸುದ್ದಿಯನ್ನು ಅರ್ಧಕ್ಕೆ ಬಿಡುವುದಕ್ಕಾಗುತ್ತದೆಯೇ? ಕೇಳುತ್ತಾ ನಿಂತೆ.

ಹಿಂದೆ ಕಾರು ಸ್ಟಾರ್ಟ್ ಆದ ಸದ್ದು ಕೇಳಿತು. ಪುಷ್ಪಾ ನನ್ನ ಸೀಟಿಗೆ ಸರಿದಿದ್ದಳು. ಹಾರ್ನ್ ಒತ್ತಿದಳು, ನಾವಿಬ್ಬರೂ ಚರಂಡಿಗೆ ಇಳಿದೆವು. ಕಾರು ತಿರುವು ದಾಟಿ, ಮೋರಿಯ ಬಳಿ ನಿಂತಿದ್ದ ಜೀಪಿನ ಪಕ್ಕದಲ್ಲೇ ಸಲೀಸಾಗಿ ಹೋಯಿತು.

"ಹುಡುಗಿ ಚೆನ್ನಾಗಿ ಓಡಿಸ್ತಾಳೆ" ಎಂದರು ಅಂಕಲ್.

ಆ ದಿನ ಹಾಜರಿ ಪುಸ್ತಕದಲ್ಲಿ ನನ್ನ ಕೈಯಿಂದ ಒಂದು ಹೆಸರೂ ಸರಿಯಾಗಿ ಬರೆಯಲಾಗಲಿಲ್ಲ. ಅವಳಿಗೆ ಕೆಲಸ ತಪ್ಪಿದರೆ ಕಾರಣ ನಾನೇ ಎಂದು ನಿಜವಾಗಿ ಹೆದರಿದ್ದೆ. ಸಂಜೆ ಅವಳು ಬಂದು ಚಪ್ಪಲಿ ಬಿಡುತ್ತಾ, "ಸೋಮವಾರದಿಂದ ಬರ್ಲಿಕ್ಕೆ ಹೇಳಿದ್ರು" ಎಂದಾಗ ನನ್ನ ಕಣ್ಣು ಒದ್ದೆಯಾಯಿತು.

"ದಾರೀಲಿ ಬೇರೆ ಗಾಡಿ ಸಿಗ್ಲಿಲ್ವಾ?"

"ಮೂರು ಜೀಪು ಸಿಕ್ತು. ಅರ್ಜೆಂಟ್ ಇದೆ, ಸ್ವಲ್ಪ ದಾರಿ ಬಿಡಿ ಅಂದೆ. ಪಾಪ, ಬಿಟ್ರು."

ಹಾಗೆ ಕೇಳಬಹುದೆಂದು ಇಷ್ಟು ವರ್ಷ ನನಗೆ ಹೊಳೆದೇ ಇರಲಿಲ್ಲ. "ತಪ್ಪಾಯ್ತು ಪುಷ್ಪಾ" ಎಂದೆ.

"ಈ ಮಾತು ನೀವು ನಂಗೆ ಹೇಳಿದ್ದು ಇದೇ ಮೊದ್ಲು" ಎಂದಳು.

ಸುಳ್ಳಿರಬೇಕೆಂದು ಮದುವೆಯಾದ ಹದಿನಾಲ್ಕು ವರ್ಷವನ್ನೂ ಜಾಲಾಡಿದೆ. ಒಂದು "ತಪ್ಪಾಯ್ತು" ಕೂಡ ಸಿಗಲಿಲ್ಲ. ನನ್ನ ಮರ್ಯಾದೆಯೆಲ್ಲ ಎದುರಿಗೆ ಬಂದವರಿಗೇ ಖರ್ಚಾಗಿತ್ತು. ಪಾಪ, ಅವಳು ಯಾವಾಗಲೂ ಪಕ್ಕದಲ್ಲೇ ಕೂತಿರುತ್ತಿದ್ದಳು.