ಪಕ್ಕದಲ್ಲಿ ಏನಿದೆ, ಅದನ್ನೂ ಬರೆಯಿರಿ

ಕಥೆ ಬರೆಯಲು ಕಲಿಸುವವರ ಮನೆಯಲ್ಲಿ ಕಥೆಗಳಿಗಿಂತ ಪ್ರಸಂಗಗಳೇ ಹೆಚ್ಚು ಹುಟ್ಟುತ್ತವೆ. ದೆಹಲಿಯ ಮಯೂರ್ ವಿಹಾರದ ನಮ್ಮ ಫ್ಲ್ಯಾಟಿನಲ್ಲಿ ಭಾನುವಾರಗಳಂದು ನಾನು ಕನ್ನಡ ಮಹಿಳೆಯರಿಗೆ ತರಗತಿ ನಡೆಸುತ್ತಿದ್ದೆ. ಕಾನ್ವೆಂಟಿನ ಸಿಸ್ಟರ್‌ಗಳು ನನಗೆ ಕಲಿಸಿದ್ದನ್ನೇ ಇವರಿಗೂ ಕಲಿಸಿದೆ: ಸಮಯಕ್ಕೆ ಬನ್ನಿ, ನೆಟ್ಟಗೆ ಕೂತುಕೊಳ್ಳಿ, ಯಾವ ಜಾಗವನ್ನೂ ಒಂಟಿಯಾಗಿ ವರ್ಣಿಸಬೇಡಿ. ಪಕ್ಕದಲ್ಲಿ ಅದಕ್ಕೆ ವಿರುದ್ಧವಾದದ್ದನ್ನು ಇಡಿ, ಆಗ ಎರಡೂ ಎದ್ದು ಕಾಣುತ್ತವೆ. ಕನ್ನಡ ಬಳಗದ ಕಥಾಸ್ಪರ್ಧೆಯ ಬಹುಮಾನ ಪ್ರತಿ ವರ್ಷ ರೋಹಿಣಿ ಬಡಾವಣೆಯ ತರಗತಿಯವರ ಪಾಲಾಗುತ್ತಿತ್ತು. ಆ ವರ್ಷ ಅದು ನಮಗೆ ಬರಲೇಬೇಕೆಂದು ನಿಶ್ಚಯಿಸಿದ್ದೆ.

೧. ಯಮುನೆ

ಬ್ಯಾಂಕ್ ಅಧಿಕಾರಿಯ ಹೆಂಡತಿ "ಯಮುನೆ ಸುಂದರವಾಗಿ ಹರಿಯುತ್ತಿತ್ತು" ಎಂದು ಬರೆದು ತಂದರು.

"ಯಾವ ಊರಿನ ಯಮುನೆ ಇದು? ಸೇತುವೆ ಮೇಲೆ ನಿಂತು ನೋಡಿ ಬನ್ನಿ" ಎಂದೆ.

ಮುಂದಿನ ವಾರ "ಕೆಳಗೆ ಕಪ್ಪು ನೀರು, ಮೇಲೆ ದಪ್ಪನೆಯ ಬಿಳಿ ನೊರೆ" ಎಂದು ತಂದರು. ಶಭಾಷ್ ಎಂದೆ. ಅವರ ಮುಖ ಮಾತ್ರ ಸಪ್ಪಗಿತ್ತು.

"ನಮ್ಮ ಯಜಮಾನರು ಓದಿ, 'ನನಗೂ ಒಂದು ಲೋಟ ಕೊಡು, ಸಕ್ಕರೆ ಕಮ್ಮಿ' ಅಂದ್ರು ಮಿಸ್."

೨. ಎಮ್ಮೆ

ಗುರಗಾಂವ್‌ನ ಐಟಿ ಕಂಪನಿಯಲ್ಲಿದ್ದ ಹುಡುಗಿಯೊಬ್ಬಳು ಮುಗಿಲೆತ್ತರದ ಗಾಜಿನ ಕಟ್ಟಡವನ್ನು ವರ್ಣಿಸಿ, ಅದರ ಗೇಟಿನೆದುರು ಕೆಸರಿನಲ್ಲಿ ಒಂದು ಎಮ್ಮೆಯನ್ನು ಮಲಗಿಸಿದಳು. ಎಲ್ಲರೆದುರು ಹೊಗಳಿದೆ. ಮರುವಾರ ಪ್ರತಿಯೊಬ್ಬರ ಕಥೆಯಲ್ಲೂ ಎಮ್ಮೆ!

"ಇಷ್ಟು ಎಮ್ಮೆ ಎಲ್ಲಿಂದ ಬಂದವು?"

"ಇಷ್ಟಲ್ಲ ಮಿಸ್, ಅದೊಂದೇ. ನೋಡದೆ ಬರೀಬೇಡಿ ಅಂತೀರಲ್ಲ, ವ್ಯಾನ್ ಮಾಡ್ಕೊಂಡು ಎಲ್ಲರೂ ಹೋಗಿ ನೋಡಿ ಬಂದ್ವಿ. ಪಾಪ, ನಾವು ಬರೆದು ಮುಗಿಸೋ ತನಕ ಅಲ್ಲಾಡಲೇ ಇಲ್ಲ."

೩. ಬಂಡೆ

ಸ್ಪರ್ಧೆಗೆ ನಾನು ಆರಿಸಿ ಕಳಿಸಿದ್ದು ಉಡುಪಿ ಹೋಟೆಲಿನವರ ಹೆಂಡತಿ ಬರೆದ ಕಥೆಯನ್ನು. ಬಲು ಮೆಲುಮಾತಿನ ಹೆಂಗಸು. ಸಮಾರಂಭದ ದಿನ ತೀರ್ಪುಗಾರರು ಅದಕ್ಕೇ ಮೊದಲ ಬಹುಮಾನ ಘೋಷಿಸಿ, ವೇದಿಕೆಯಿಂದಲೇ ಓದಿದರು:

"ರಿಡ್ಜ್ ಕಾಡಿನಲ್ಲಿ ಒಂದು ಬಂಡೆ, ಗಂಜಿ ಹಾಕಿ ಇಸ್ತ್ರಿ ಮಾಡಿದಂತೆ ಸೆಟೆದು ನಿಂತಿತ್ತು. ಅದರ ಬುಡದಲ್ಲಿ ಪುಟ್ಟ ಹಳದಿ ಹೂಗಳು, ಬಂಡೆ ಎಲ್ಲಿ ಬೈಯುತ್ತದೋ ಎಂದು ನಗು ಹಿಡಿದುಕೊಂಡಿದ್ದವು."

ಚಪ್ಪಾಳೆಯೋ ಚಪ್ಪಾಳೆ. ರೋಹಿಣಿಯವರ ಮುಖ ನೋಡಬೇಕಿತ್ತು!

"ಆ ಬಂಡೆ ರಿಡ್ಜ್‌ನಲ್ಲಿ ಎಲ್ಲಿದೆ ತಾಯಿ? ನಾನೂ ನೋಡಬೇಕು" ಎಂದರು ತೀರ್ಪುಗಾರರು.

"ನಾನು ರಿಡ್ಜ್ ಕಡೆ ಹೋದವಳೇ ಅಲ್ಲ ಸಾರ್" ಎಂದರು ಆಕೆ, ಅದೇ ಮೆಲುದನಿಯಲ್ಲಿ. "ಅಗೋ, ಮುಂದಿನ ಸಾಲಿನಲ್ಲಿ ಕೂತಿದ್ದಾರೆ. ಹೂಗಳು ನಾವೆಲ್ಲ."

ಸಭೆಗೆ ಸಭೆಯೇ ನಕ್ಕಿತು. ನಾನು ಎದ್ದೆ, ಸೀರೆಯ ನೆರಿಗೆ ಸರಿಪಡಿಸಿಕೊಂಡೆ, ನಾಲ್ಕೂ ದಿಕ್ಕಿಗೆ ಕೈಮುಗಿದೆ. ರೋಹಿಣಿಯವರಿಗೆ ಅಂಥ ಬಂಡೆ ಎಲ್ಲಿ ಸಿಗಬೇಕು!