ನೇಕಾರ ಓಣಿಯ ನೀರಿಗೆ ಇಂಗ್ಲಿಷ್ ಹೆಸರಿಟ್ಟ ಮಹಾಸಮರ

ಶ್ರಾವಣಮೇಘಗರ್ಜನೆಗೆ ದಶದಿಕ್ಕುಗಳು ಕಂಪಿಸುತ್ತಿದ್ದ, ಬಿರುಗಾಳಿಗೆ ಕೊಡೆಗಳು ಬೆನ್ನು ಮುರಿದುಕೊಳ್ಳುತ್ತಿದ್ದ, ಅರ್ಜಿಗಳು ಅರ್ಜಿದಾರರ ಅಂಗೈಯಲ್ಲೇ ನೆನೆದು ಮುದ್ದೆಯಾಗುತ್ತಿದ್ದ ಆ ಘೋರ ಕಾಲವನ್ನು ನೆನೆ, ಎಲೈ ನಾಲಗೆಯೇ. ತಾಳಿಹಾಳವೆಂಬ ಹೊಳೆದಂಡೆಯ ಪಟ್ಟಣದ ತಾಲ್ಲೂಕು ಕಚೇರಿಯಲ್ಲಿ ಮುಂಜಾನೆ ಹತ್ತರಿಂದ ಮಧ್ಯಾಹ್ನದ ಒಂದೂವರೆಯವರೆಗೆ ಎಡೆಬಿಡದೆ ನಡೆದ ಶಬ್ದಸಮರವನ್ನು ಹೇಳು. ಕಡತಕಾನನಕೇಸರಿಯೂ, ನಿಘಂಟುಭಾರನಮ್ರಭುಜನೂ, ಇಂಗ್ಲಿಷ್ ಎಂ.ಎ. ಎಂಬ ಬಿರುದನ್ನು ಮೇಜಿನ ಫಲಕದಲ್ಲಿ ಧರಿಸಿದವನೂ ಆದ ಶಿರಸ್ತೇದಾರ ಗುರುಪಾದಪ್ಪ ಹೂಗಾರನನ್ನು ಹೇಳು. ಅವನಿಗೆದುರಾಗಿ ನಿಂತ, ಜಲಮಾಪನವಿಶಾರದೆಯೂ ಮೊಣಕಾಲುದ್ದದ ರಬ್ಬರ್ ಬೂಟುಗಳಿಂದ ಶೋಭಿತೆಯೂ ಆದ ನೀರಾವರಿ ಇಂಜಿನಿಯರ್ ನಾಗವೇಣಿ ಬಡಿಗೇರಳನ್ನೂ ಬಿಡದೆ ಹೇಳು.

ಸಮರದ ಕಾರಣ ಇದು. ಬೆಳಗಿನ ಜಾವ ನೇಕಾರ ಓಣಿಗೆ ನೀರು ನುಗ್ಗಿತ್ತು. ಕುಣಿಮಗ್ಗಗಳ ಕುಣಿಗಳು ತುಂಬಿ, ಹನ್ನೊಂದು ಮನೆಗಳ ಜನ ನೂಲಿನ ಗಂಟುಗಳನ್ನು ತಲೆಯ ಮೇಲಿಟ್ಟುಕೊಂಡು ಸರ್ಕಾರಿ ಶಾಲೆಯ ಜಗಲಿಗೆ ಬಂದು ನಿಂತಿದ್ದರು. ಶಾಲೆಯ ಬಾಗಿಲು ತೆರೆಸಿ ಗಂಜಿಕೇಂದ್ರ ಹೂಡಬೇಕಾದರೆ ಜಿಲ್ಲೆಗೆ ಇಂಗ್ಲಿಷಿನಲ್ಲಿ ಒಂದು ವರದಿ ಹೋಗಬೇಕು. ಅದಕ್ಕೆ ಶಿರಸ್ತೇದಾರನದೂ ಇಂಜಿನಿಯರದೂ ಎರಡು ರುಜು ಬೀಳಬೇಕು. ವರದಿಯ ಮೊದಲ ಸಾಲಿನಲ್ಲಿ ಗುರುಪಾದಪ್ಪನು ‘ಫ್ಲಡ್’ ಎಂದು ಬರೆದನು. ನಾಗವೇಣಿಯು ಅದನ್ನು ಹೊಡೆದುಹಾಕಿದಳು. ಅಲ್ಲಿಗೆ ಯುದ್ಧಾರಂಭವಾಯಿತು.

ಆಗ ಆ ವೀರಾಂಗನೆಯು, ಒದ್ದೆ ಕೊಡೆಯನ್ನು ಗದೆಯಂತೆ ನೆಲಕ್ಕೂರಿ, ಹೊಳೆ ಇನ್ನೂ ತನ್ನ ದಂಡೆಯೊಳಗೇ ಇದೆಯೆಂದೂ, ತುಂಬಿ ಹರಿಯುವ ಹೊಳೆಯನ್ನು ಇಂಗ್ಲಿಷಿನಲ್ಲಿ ‘ಸ್ಪೇಟ್’ ಎನ್ನುತ್ತಾರೆಂದೂ, ದಂಡೆ ದಾಟಿ ಒಣನೆಲಕ್ಕೆ ಏರಿದರೆ ಮಾತ್ರ ‘ಫ್ಲಡ್’ ಆಗುತ್ತದೆಂದೂ ಸಾರಿದಳು. ಓಣಿಯಲ್ಲಿ ನಿಂತದ್ದು ಚರಂಡಿ ಕಟ್ಟಿಕೊಂಡ ಮಳೆನೀರು. ಅದರ ಹೆಸರು ‘ವಾಟರ್‌ಲಾಗಿಂಗ್’. “ಹೊಳಿ ಇನ್ನೂ ಒಂದು ಗೇಣು ಕೆಳಗ ಐತಿ, ಸರ. ನಾನ ಟಾರ್ಚ್ ಹಿಡದು ನೀರಿನ ಅಳತಿ ಕಲ್ಲಿನ ಮ್ಯಾಲಿನ ಗೆರಿ ನೋಡಿ ಬಂದೇನಿ. ಮಾಡಲಾರದ ತಪ್ಪನ್ನ ಹೊಳಿ ಮ್ಯಾಲ ಹಾಕೂದಿಲ್ಲ,” ಎಂದಳು.

ಇದನ್ನು ಕೇಳಿ ಶಿರಸ್ತೇದಾರನ ಮೀಸೆಯು ಪ್ರಳಯಾಗ್ನಿಯಂತೆ ಕುಣಿಯಿತು. ಎರಡೂ ಕೈಗಳಿಂದ ನಿಘಂಟನ್ನೆತ್ತಿ ಮೇಜಿನ ಮೇಲಿಟ್ಟಾಗ ಚಹದ ಬಟ್ಟಲುಗಳು ಚಕ್ರವ್ಯೂಹದಲ್ಲಿ ಸಿಕ್ಕ ಸೈನಿಕರಂತೆ ನಡುಗಿದವು. ‘ವಾಟರ್‌ಲಾಗಿಂಗ್’ ಎಂಬುದು ನೀರು ಕುಡಿದು ಜೌಗಾದ ಕಬ್ಬಿನ ಗದ್ದೆಗೆ ಹೇಳುವ ಮಾತು. ಮಂಚದ ಕೆಳಗಿನ ತಪ್ಪೇಲಿ ತಾನಾಗಿಯೇ ತೇಲಿ ಬಾಗಿಲಾಚೆ ಹೊರಟಾಗ ಹಾಗೆನ್ನುವುದು ಭಾಷೆಗೆ ಬಗೆಯುವ ದ್ರೋಹ ಎಂದು ಅವನು ಗರ್ಜಿಸಿದನು. ಮೇಲಾಗಿ ಆ ಪದವನ್ನು ಬರೆದರೆ ಕೆಲಸ ಪುರಸಭೆಯ ಪಾಲಾಗಿ, ಅವರು ಒಂದು ಪಂಪು ಕಳಿಸಿ ಕೈತೊಳೆದುಕೊಳ್ಳುತ್ತಾರೆ. ಶಾಲೆಯ ಬೀಗ ತೆರೆಯುವುದೇ ಇಲ್ಲ. ಈ ಕೊನೆಯ ಮಾತು ನಿಜವಾಗಿತ್ತು. ನಾಗವೇಣಿಗೂ ಅದು ಗೊತ್ತಿತ್ತು. ಆದರೆ ತಾನು ಕಣ್ಣಾರೆ ಕಂಡ ಗೆರೆಯನ್ನು ಸುಳ್ಳೆನ್ನಲು ಅವಳ ಕೈ ಒಪ್ಪಲಿಲ್ಲ.

ಹನ್ನೊಂದೂವರೆಯ ಹೊತ್ತಿಗೆ ಸಂಧಿಯ ಬಾಗಿಲು ತುಸು ತೆರೆಯಿತು. ನಾಗವೇಣಿಯೇ ‘ಇನಂಡೇಶನ್’ ಎಂಬ ಪದವನ್ನು ಮುಂದಿಟ್ಟಳು. ನೀರು ಎಲ್ಲಿಂದ ಬಂತೆಂದು ಅದು ಕೇಳುವುದಿಲ್ಲ, ನೆಲ ಮುಳುಗಿದೆ ಎಂದಷ್ಟೇ ಹೇಳುತ್ತದೆ. ಹೊಳೆಯ ಮಾನವೂ ಉಳಿಯುತ್ತದೆ, ಶಾಲೆಯ ಬಾಗಿಲೂ ತೆರೆಯುತ್ತದೆ. ಗುರುಪಾದಪ್ಪನು ಪೆನ್ನಿನ ಮುಚ್ಚಳ ತೆಗೆದನು. ಹಾಳೆಯ ಮೇಲೆ ಬಾಗಿದನು. ಆದರೆ ಹಿರಿದಾದ ಪದವನ್ನು ಕಂಡೊಡನೆ ಕರಗುವ ಅವನ ದೌರ್ಬಲ್ಯವು ಆ ಗಳಿಗೆಯಲ್ಲೇ ಹೆಡೆಯೆತ್ತಿತು. ‘ಇನಂಡೇಶನ್’ ಹುಡುಕಲೆಂದು ತೆರೆದ ನಿಘಂಟಿನ ಪುಟಗಳು ಫ್ಯಾನಿನ ಗಾಳಿಗೆ ಹಿಂದಕ್ಕೆ ಮಗುಚಿ, ‘ಡೆಲ್ಯೂಜ್’ ಎಂಬ ಪದದೆದುರು ನಿಂತವು.

ಸಕಲಲೋಕನಿಮಜ್ಜಕವೂ ಮನ್ವಂತರಾಂತ್ಯಸೂಚಕವೂ ಆದ ಆ ಪದವನ್ನು ಅವನು ಹನ್ನೊಂದು ಮನೆಗಳ ಮೇಲೆ ಪ್ರಯೋಗಿಸಿದನು. ಇಷ್ಟೇ ನೀರಿಗೆ ಜಗತ್ಪ್ರಳಯವೆಂದು ಬರೆದರೆ ಜಿಲ್ಲೆಯವರು ನಾವೆಯನ್ನೂ ಋಷಿಗಳನ್ನೂ ಕಳಿಸಿಯಾರು, ಅಕ್ಕಿ ಕಳಿಸುವುದಿಲ್ಲವೆಂದು ನಾಗವೇಣಿ ಗುಡುಗಿದಳು. ಅವನು ‘ಟೊರೆಂಟ್’ ಎಂದನು. ಅದು ಧುಮ್ಮಿಕ್ಕಿ ಹರಿಯುವ ನೀರು, ಇದು ನಿಂತ ನೀರು ಎಂದು ಅವಳು ಅದನ್ನೂ ಕತ್ತರಿಸಿದಳು. ಅವನು ‘ಓವರ್‌ಫ್ಲೋ’ ಎಂದನು. ಅದಕ್ಕೆ ಮೊದಲು ತುಂಬಲು ಒಂದು ಪಾತ್ರೆ ಬೇಕೆಂದು ಅವಳು ನಕ್ಕಳು. ಹೀಗೆ ಹಾಳೆಯ ಮೇಲೆ ಗೀಟು ಬಿದ್ದ ಶಬ್ದಗಳ ಕಳೇಬರಗಳು ರಾಶಿಯಾದವು.

ಒಂದೂಕಾಲಿಗೆ ಬಾಗಿಲಲ್ಲಿ ಶಾವಂತ್ರವ್ವ ಕಾಣಿಸಿಕೊಂಡಳು. ಅವಳು ನೇಕಾರ ಓಣಿಯವಳು; ಎಪ್ಪತ್ತು ದಾಟಿದ ಮುದುಕಿ. ಸೊಂಟದವರೆಗೆ ತೊಯ್ದಿದ್ದಳು, ತಲೆಯ ಮೇಲಿನ ನೂಲಿನ ಗಂಟು ಮಾತ್ರ ಒದ್ದೆಯಾಗಿರಲಿಲ್ಲ. ಓಣಿಗೆ ಏನಾಗಿದೆ, ನೀನೇ ಹೇಳವ್ವ ಎಂದು ಗುರುಪಾದಪ್ಪನು ಅವಳನ್ನೇ ನ್ಯಾಯಾಧೀಶೆಯಾಗಿಸಿದನು.

“ನೀರ ಬಂದೈತ್ರಿ, ಸಾಹೇಬ್ರ,” ಎಂದಳು. “ಕೂಸುಗೋಳು ಮುಂಜಾನಿಂದ ಉಂಡಿಲ್ಲ.”

ನಾಗವೇಣಿ ತಲೆ ತಗ್ಗಿಸಿ ತನ್ನ ಬೂಟುಗಳನ್ನು ನೋಡಿಕೊಂಡಳು. ಗುರುಪಾದಪ್ಪನು ‘ಇನಂಡೇಶನ್’ ಎಂದು ಬರೆದನು. ಇಬ್ಬರ ರುಜುವೂ ಬಿತ್ತು. ಅವನು ಜಿಲ್ಲೆಗೆ ಫೋನ್ ಹಚ್ಚಿ, ಗಂಟಲು ಸರಿಮಾಡಿಕೊಂಡು, ವರದಿಯ ಮೊದಲ ಸಾಲನ್ನು ಗಂಭೀರವಾಗಿ ಓದತೊಡಗಿದನು. ಆ ಕಡೆಯ ಗುಮಾಸ್ತನು ನಡುವೆಯೇ ತಡೆದು, ಅದೆಲ್ಲ ಇರಲಿ, ಈ ಸಲದ ಫಾರ್ಮಿನಲ್ಲಿ ಒಂದೇ ಖಾನೆಯಿದೆ, ಊಟಕ್ಕೆ ಎಷ್ಟು ಮಂದಿ ಹೇಳಿ ಎಂದನು.

ಗುರುಪಾದಪ್ಪನು ಆ ಪ್ರಶ್ನೆಯನ್ನು ಕೋಣೆಗೆಲ್ಲ ಕೇಳುವಂತೆ ಹೇಳಿದನು. ಅವನಿಗೂ ನಾಗವೇಣಿಗೂ ಅದು ಗೊತ್ತಿರಲಿಲ್ಲ.

“ನಲವತ್ಮೂರು,” ಎಂದಳು ಶಾವಂತ್ರವ್ವ. “ಒಬ್ಬಾಕಿ ಬಸರಿ ಅದಾಳ. ಆಕಿಗೆ ಎರಡು ತಾಟು ಹಿಡೀರಿ.”

ಶಾಲೆಯ ಬೀಗ ತೆರೆಯಿತು; ಆದರೆ ಅಲ್ಲಿಯ ಅಡುಗೆಯವಳು ಆ ದಿನ ಬಂದಿರಲಿಲ್ಲ. ಆದಕಾರಣ ಶಾಲೆಯ ಒಲೆಯ ಮುಂದೆ ಜಲಮಾಪನವಿಶಾರದೆಯು ಬೇಳೆ ತೊಳೆದಳು. ಕಡತಕಾನನಕೇಸರಿಯು ಉಳ್ಳಾಗಡ್ಡಿ ಹೆಚ್ಚಿ ಧಾರಾಕಾರವಾಗಿ ಅತ್ತನು. ಮೂರು ಗಂಟೆಗೆ ಎಲ್ಲರೂ ಉಂಡರು. ಸಾರಿಗೆ ಉಪ್ಪು ಸ್ವಲ್ಪ ಕಡಿಮೆಯಾಗಿತ್ತು.