ಆಷಾಢದಾಗ ದೋಣಿ ಹತ್ತಿದ ಮಾವ

ಕೆಲವರಿಗೆ ಹಾದಿಯಲ್ಲಿ ನಾಣ್ಯ ಸಿಗುತ್ತದೆ, ಕೆಲವರಿಗೆ ಮುಳ್ಳು. ನನಗೆ ಮಾತ್ರ ಮೊದಲಿನಿಂದಲೂ ಸಿಗುವುದು ನಗುವಂಥ ಪ್ರಸಂಗಗಳು. ನಾನು ಹುಡುಕಿಕೊಂಡು ಹೋಗುವುದಿಲ್ಲ, ಅವೇ ನನ್ನ ವಿಳಾಸ ಕೇಳಿಕೊಂಡು ಬರುತ್ತವೆ. ವಿಳಾಸವೇ ಇಲ್ಲದವನನ್ನು ಅವು ಹೆಂಗ ಹುಡುಕುತ್ತವೋ ದೇವರೇ ಬಲ್ಲ.

ವಿಳಾಸ ಇಲ್ಲದ್ದಕ್ಕೆ ಕಾರಣ ನಮ್ಮ ಸಾಲಿ ಮಾಸ್ತರರು. ನಾಲ್ಕನೇ ಇಯತ್ತೆಯಲ್ಲಿ ಗೋಡೆಗೆ ಭೂಪಟ ತೂಗುಹಾಕಿ, ಅದರ ನೆತ್ತಿಯ ಮೇಲೆ ಕೋಲು ಇಟ್ಟು, "ಇದು ಕಾಶ್ಮೀರ" ಎಂದರು. ನೋಡಿ ಬರಬೇಕು ಅನಿಸಿತು. ಹೊರಬಿದ್ದವನು ಮತ್ತೆ ಸಾಲಿಯ ಕಡೆ ತಲೆ ಹಾಕಲಿಲ್ಲ. ಸೊಲ್ಲಾಪುರದ ಗಿರಣಿ, ಮುಂಬೈಯ ಹಡಗುಕಟ್ಟೆ, ಪಂಜಾಬದ ಲಾರಿ, ಹೀಗೆ ಹೊಟ್ಟೆ ಎಲ್ಲೆಲ್ಲಿ ತುಂಬಿತೋ ಅಲ್ಲಲ್ಲಿ ನಿಲ್ಲುತ್ತ, ಕಡೆಗೆ ಕಾಶ್ಮೀರಕ್ಕೂ ಮುಟ್ಟಿದೆ. ಅಲ್ಲಿ ಒಂದಿಡೀ ಬ್ಯಾಸಗಿ ದೋಣಿಯೊಂದರಲ್ಲಿ ಬ್ಯಾಳಿ ಕುದಿಸಿಕೊಂಡು ಇದ್ದೆ. ನನ್ನ ವಿದ್ಯೆ ಅಂದರೆ ಅಷ್ಟೇ. ಅದೇ ವಿದ್ಯೆ ಮುಂದೆ ನನ್ನ ಮದುವೆಯ ಪರೀಕ್ಷೆಗೆ ಬಂತು.

ಮಾವನ ಷರತ್ತು

ಬಬಲೇಶ್ವರದ ಗೌಡರು ನನ್ನ ಸೋದರಮಾವ. ನಮ್ಮ ಕಡೆ ಸೋದರಮಾವನ ಮಗಳೆಂದರೆ ಅಳಿಯನಿಗೇ ಮೊದಲ ಹಕ್ಕು. ಆಕೆ ತೊಟ್ಟಿಲಲ್ಲಿ ಇದ್ದಾಗಲೇ "ಇಕಿ ನಿನ್ನ ಹೇಂತಿ ನೋಡಪಾ" ಎಂದು ಎಲ್ಲರೂ ನನಗೆ ತೋರಿಸಿ ಬಿಟ್ಟಿದ್ದರು. ತೋರಿಸಿದವರು ಮರೆತರು, ನಾನು ಮರೆಯಲಿಲ್ಲ.

ನಲವತ್ತರ ದಶಕದ ಆರಂಭ ಅದು. ಯುದ್ಧದ ಸುದ್ದಿ ಊರೂರಿಗೆ ಬರುತ್ತಿತ್ತು, ಆದರೆ ರೈಲಿನಲ್ಲಿ ಕೂಡಲು ಇನ್ನೂ ಜಾಗ ಸಿಗುತ್ತಿತ್ತು. ಯುಗಾದಿ ಮುಗಿಸಿಕೊಂಡು ಹೆಣ್ಣು ಕೇಳಲು ಹೋದೆ. ಮಾವ ಪಡಸಾಲೆಯಲ್ಲಿ ತಾಮ್ರದ ಬೋಗುಣಿಯ ನೀರಿನಲ್ಲಿ ಕಾಲು ಇಳಿಬಿಟ್ಟು, ತಲೆಗೆ ಹಸಿ ಟವೆಲ್ಲು ಸುತ್ತಿ ಕುಂತಿದ್ದರು. ಬ್ಯಾಸಗಿ ಅಂದರೆ ಅವರಿಗೆ ವೈರಿ.

"ಕಾಲಿಗೆ ಗಾಲಿ ಕಟಿಗೊಂಡವಗ ಮಗಳ್ನ ಕೊಡಂಗಿಲ್ಲ," ಎಂದರು ಮಾವ. "ನಿನ್ನ ತಿರುಗಾಟದಿಂದ ಯಾರಿಗರ ಏನರ ಉಪಯೋಗ ಆಗೇತೇನಲೇ?"

"ಮಾವಾ, ಇಂಥಾ ಬ್ಯಾಸಗಿಯೊಳಗ ಬರ್ಫ ಕರಗಿದ ನೀರಿನ ಮ್ಯಾಲೆ ದೋಣಿಯೊಳಗ ಯಾವತ್ತರ ಮಕ್ಕೊಂಡೀರೇನ್ರಿ?"

ಮಾವ ಬೋಗುಣಿಯಿಂದ ಕಾಲು ತೆಗೆದರು. "ಅಂಥಾದ್ದೊಂದು ಐತೇನು?"

"ಐತ್ರಿ. ಸುತ್ತ ಬಿಳೀ ಗುಡ್ಡ. ಊರಿಲ್ಲ, ಕೇರಿಲ್ಲ. ನೀರಿನ ಸಪ್ಪಳ ಬಿಟ್ಟರ ಮತ್ತೇನೂ ಇಲ್ಲ."

ಮಾವ ತಲೆಯ ಟವೆಲ್ಲು ಬಿಚ್ಚಿ ಹಿಂಡುತ್ತ ಹೇಳಿದರು: "ಹಂಗಾರ ಕೇಳು. ಈ ಬ್ಯಾಸಗಿ ನನ್ನ ಆ ದೋಣಿಯೊಳಗ ಕುಂದರಸು. ಹತ್ತಿದಾಗಿಂದ ಇಳಿಯೋ ತನಕ ನನ್ನ ಮೈಗೆ ಬೆವರ ಬರಬಾರದು, ತಲಿ ಮ್ಯಾಲೆ ಮಳಿ ಬೀಳಬಾರದು. ಹಂಗ ಕರಕೊಂಡ ಬಂದರ ಹುಡುಗಿ ನಿನ್ನಾಕಿ. ಒಂದs ಒಂದು ಹನಿ ಬಿತ್ತೋ, ಬ್ಯಾರೆ ಮನಿ ನೋಡ್ಕೋ."

ನಾನು ಉತ್ತರ ಕೊಡುವ ಮೊದಲೇ ಅಡುಗೆಮನೆಯ ಬಾಗಿಲ ಹಿಂದಿನಿಂದ ಬಳೆ ಸಪ್ಪಳವಾಯಿತು. ಆಮೇಲೆ ಸಣ್ಣ ಧ್ವನಿ:

"ಅಪ್ಪಾ, ಇಬ್ಬನಿ ಬಿದ್ದರ ನಡೀತೈತೇನು?"

ಸ್ಟೇಷನ್ ರಸ್ತೆಯ ಪಂಚಾಯ್ತಿ

ಹುಡುಗಿ ನನ್ನ ಕಡೆ ಐತಿ ಎಂದು ತಿಳಿದ ಮೇಲೆ ಉಳಿದದ್ದು ಒಂದೇ ಕೆಲಸ: ಬ್ಯಾಸಗಿಯ ಯಾವ ಹೊತ್ತಿನಲ್ಲಿ ಹೋಗಬೇಕು ಎಂದು ಗೊತ್ತುಮಾಡುವುದು. ನನಗೆ ಅದು ಗೊತ್ತಿತ್ತು. ನಮ್ಮ ಬ್ಯಾಸಗಿ ಮುಗಿಯುವಾಗ ಕಾಶ್ಮೀರದವರ ಬ್ಯಾಸಗಿ ಕಣ್ಣು ಬಿಡುತ್ತದೆ. ಅದಕ್ಕೂ ಮೊದಲು ಹೋದರೆ ಬರ್ಫ ಕರಗಿ ನದಿ ತುಂಬಿ ಬಂದಿರುತ್ತದೆ, ದೋಣಿಗಳನ್ನು ದಂಡೆಗೆ ಬಿಗಿದಿರುತ್ತಾರೆ. ಶ್ರಾವಣಕ್ಕೆ ಹೋದರೆ ಸೆಕೆ, ಮೇಲೆ ಬೆರಳುದ್ದದ ಸೊಳ್ಳೆ. ನಡುವೆ ಆಷಾಢದ ಮೊದಲ ಪಕ್ಷ ಐತಲ್ಲ, ಅದು ಬಂಗಾರ.

ಇದನ್ನು ವಿಜಾಪುರದಲ್ಲಿ, ಸ್ಟೇಷನ್ ಎದುರಿನ ಚಹಾದ ಅಂಗಡಿಯಲ್ಲಿ ಬಾಯಿ ತಪ್ಪಿ ಹೇಳಿಬಿಟ್ಟೆ. ಸೊಲ್ಲಾಪುರ ದಾಟದವರೆಲ್ಲ ಕಾಶ್ಮೀರದ ಹವಾ ಹೇಳಲು ಸುರು ಮಾಡಿದರು.

ಕಂಬಳಿ ಅಂಗಡಿಯವರು, "ಥಂಡಿ ದಿನಾನs ಛಲೋ. ಎರಡ ಕಂಬಳಿ ಒಯ್ಯಿರಿ," ಎಂದರು. ಹಣ್ಣಿನ ದಲಾಲರು, "ಮಾವಿನ ಹಣ್ಣ ಬಿಟ್ಟ ಯಾವ ಶ್ಯಾಣ್ಯಾ ಊರ ಬಿಡತಾನ? ಸುಗ್ಗಿ ಮುಗೀಲಿ," ಎಂದರು. ದರ್ಜಿ, "ಲಗ್ಗನದ ಹಂಗಾಮಿನಾಗ ಹೋಗಬ್ಯಾಡ್ರಿ, ಕೋಟ ಹೊಲಿಯಾಕ ನನಗ ಪುರಸತ್ತಿಲ್ಲ," ಎಂದ. ಒಬ್ಬೊಬ್ಬರೂ ತಮ್ಮ ಅಂಗಡಿಗೆ ಒಗ್ಗುವ ತಿಂಗಳನ್ನು ಕಾಶ್ಮೀರಕ್ಕೆ ಹೊಂದಿಸಿದರು.

ಅತ್ತರು ಮಾರುವ ಚಾಚಾ ಒಬ್ಬರೇ ಯಾವ ತಿಂಗಳನ್ನೂ ಹೇಳಲಿಲ್ಲ. ನಮ್ಮ ಮಾವನ ಹಳೇ ಸ್ನೇಹಿತರು, ಊರಿನ ಜಗಳ ಬಿಡಿಸುವುದರಲ್ಲಿ ಹೆಸರಾದವರು. "ಹುಡುಗನ ಲಗ್ಗನದ ಮಾತು ಐತಿ," ಎಂದರು. "ಇದಕ್ಕ ಒಬ್ಬ ಪಂಚ ಬೇಕು. ನಾನೂ ಬರತೇನಿ. ಬೆವರು ಬಂತೋ ಇಲ್ಲೋ, ಮಳಿ ಬಿತ್ತೋ ಇಲ್ಲೋ, ನಾ ಹೇಳತೇನಿ."

ಸಭೆ ಮುಗಿಯಿತು ಎನ್ನುವಾಗ ಬಾಗಿಲಲ್ಲಿ ಕುಂತಿದ್ದ ಟಾಂಗಾದವನು ಎದ್ದು ನಿಂತ. "ಯಾವ ತಿಂಗಳದಾಗರ ಹೋಗ್ರಿ, ನಂದೇನೂ ತಕರಾರಿಲ್ಲ. ಇಲ್ಲಿಂದ ಸ್ಟೇಷನ್ ತನಕ ಮಾತ್ರ ನನ್ನ ಟಾಂಗಾದಾಗs ಹೋಗಬೇಕು."

ಸ್ಟೇಷನ್ ಇದ್ದದ್ದು ರಸ್ತೆಯ ಆ ಕಡೆಗೇ. ಅವನ ಕುದುರೆಯ ಮುಖ ಆಗಲೇ ಸ್ಟೇಷನ್ನಿನ ಗೇಟಿನೊಳಗೆ ಇತ್ತು.

ಅರ್ಧ ಹೋದ ಗೌಡರು

ಆಷಾಢ ಎಂದ ಕೂಡಲೇ ಟಿಕೋಟಾದಿಂದ ಬಾಂಬು ಬಂತು. ಟಿಕೋಟಾದಲ್ಲಿ ನಮ್ಮ ದೊಡ್ಡವ್ವ ಇದ್ದಳು, ಮಾವನಿಗೆ ಹಿರಿಯಕ್ಕ. ಊರಿಗೆ ಗೌಡರಾದ ಮಾವ ಆಕೆಯ ಮುಂದೆ ಇನ್ನೂ ಚಡ್ಡಿ ಹಾಕದ ಹುಡುಗ.

"ಆಷಾಢದಾಗ ಹೊರಡತಾರೇನಲೇ ತಮ್ಮಾ?" ಎಂದಳು ದೊಡ್ಡವ್ವ, ಬಬಲೇಶ್ವರಕ್ಕೆ ಬಂದು ಚಕ್ಕಡಿ ಇಳಿಯುತ್ತಲೇ. "ಹೊಸ ಸೊಸಿನ್ನs ತವರಿಗೆ ಅಟ್ಟತೀವಿ. ನೀ ಹಿಮದೊಳಗ ಹೊಂಟೀಯೇನು? ನಡಿಯಂಗಿಲ್ಲ."

ಮಾವನ ಮುಖ ಅರಳಿತು. ದೋಣಿ ಹತ್ತದೆಯೇ ಷರತ್ತು ಗೆದ್ದಂತಾಯಿತಲ್ಲ! ನನ್ನ ಮುಖ ಬಾಡಿತು. ಅಷ್ಟರಲ್ಲಿ ನನಗೆ ನೆನಪಾಯಿತು: "ದೊಡ್ಡವ್ವಾ, ಪಸ್ತಾನ ಇಟ್ಟರ?"

ನಮ್ಮಲ್ಲಿ ಹೊರಡುವ ದಿನ ಕೆಟ್ಟದಾಗಿದ್ದರೆ, ಮೊದಲೇ ಒಂದು ಛಲೋ ದಿನ ನೋಡಿ ಗಂಟುಮೂಟೆಯನ್ನು ಬೇರೆಯವರ ಮನೆಯಲ್ಲಿ ಇಟ್ಟು ಬರುತ್ತಾರೆ. ಅದಕ್ಕೆ ಪಸ್ತಾನ ಅನ್ನುತ್ತಾರೆ. ಗಂಟು ಹೊರಟಿತೆಂದರೆ ಮನುಷ್ಯ ಹೊರಟ ಲೆಕ್ಕ. ದೊಡ್ಡವ್ವ ಗಲ್ಲಕ್ಕೆ ಕೈ ಇಟ್ಟು ಯೋಚಿಸಿ, "ಹಂಗಾರ ನಡೀತೈತಿ. ನಮ್ಮ ಮನ್ಯಾಗs ಇಡು," ಎಂದಳು.

ಜ್ಯೇಷ್ಠದ ಒಳ್ಳೆಯ ಮುಹೂರ್ತದಲ್ಲಿ ಮಾವನ ಟ್ರಂಕು ಬಬಲೇಶ್ವರ ಬಿಟ್ಟು ಚಕ್ಕಡಿಯಲ್ಲಿ ಟಿಕೋಟಾಕ್ಕೆ ಪ್ರಯಾಣ ಮಾಡಿತು. ಮಾವ ಹುರುಪಿನಲ್ಲಿ ಇದ್ದಬದ್ದ ಧೋತರ, ಅಂಗಿ, ರುಮಾಲು ಎಲ್ಲವನ್ನೂ ಅದರಲ್ಲೇ ತುಂಬಿದ್ದರು. ಟ್ರಂಕು ಹೋದ ಮರುದಿನ ಜಳಕ ಮಾಡಿ ಕೈ ಚಾಚಿದರೆ ಗೂಟದ ಮೇಲೆ ಏನೂ ಇಲ್ಲ. ಟಿಕೋಟಾಕ್ಕೆ ಹೇಳಿ ಕಳಿಸಿದರು: ಒಂದು ಧೋತರ ತೆಗೆದು ಕೊಡು.

ದೊಡ್ಡವ್ವನ ಉತ್ತರ ಬಂತು: "ಟ್ರಂಕ ತಗದರ ಪಸ್ತಾನ ಮುರೀತೈತಿ. ಬ್ಯಾಡ."

ಹೀಗಾಗಿ ಆಷಾಢ ಬರುವ ತನಕ ಮಾವ ಉಟ್ಟ ಒಂದೇ ಧೋತರದಲ್ಲಿ ಗೌಡಕಿ ಮಾಡಿದರು. ಅದು ಒಗೆದು ಒಣಗುವ ತನಕ ಕೌದಿ ಸುತ್ತಿಕೊಂಡು ಒಳಗೆ ಕೂಡುವರು. ಒಂದು ಮುಂಜಾನೆ ಹೊನವಾಡದಿಂದ ಯಾರೋ ನ್ಯಾಯ ಕೇಳಲು ಬಂದು, "ಗೌಡ್ರ ಊರಾಗ ಅದಾರೋ, ಕಾಶ್ಮೀರಕ್ಕ ಹೋದರೋ?" ಎಂದು ಕೇಳಿದರು.

ಅಂಗಳದಲ್ಲಿ ಧೋತರ ಹಿಂಡುತ್ತಿದ್ದ ಹುಡುಗಿ ಹೇಳಿದಳು: "ಅರ್ಧಾ ಹೋಗ್ಯಾರ್ರಿ. ಉಳಿದರ್ಧ ಒಳಗ ಕುಂತೈತಿ."

ಬೆವರಿನ ನ್ಯಾಯ

ಆಷಾಢ ಬಂತು. ಟಿಕೋಟಾದಿಂದ ಟ್ರಂಕು ಎತ್ತಿಕೊಂಡು, ದೊಡ್ಡವ್ವ ಕೊಟ್ಟ ಕಟಕ ರೊಟ್ಟಿಯ ಗಂಟು, ಶೇಂಗಾ ಚಟ್ನಿ, ಕೆಂಪು ಖಾರದ ಡಬ್ಬಿ ಹೊತ್ತು ಮೂವರೂ ರೈಲು ಹತ್ತಿದೆವು. ಪಂಜಾಬದ ಸೆಕೆಯಲ್ಲಿ ಮಾವನ ಮೈಯಿಂದ ಬೆವರು ಧಾರೆಯಾಗಿ ಇಳಿಯಿತು. "ನೋಡ್ರಿ, ಬಂತು ಬೆವರು! ಮುಗೀತು ಲಗ್ಗನ!" ಎಂದು ಅವರು ಖುಷಿಯಿಂದ ಕೂಗಿದರು. ಚಾಚಾ ಬೀಸಣಿಕೆ ಬೀಸುತ್ತ, "ಗೌಡ್ರ, ಇದಕ್ಕ ರೈಲಗಾಡಿ ಅಂತಾರ. ದೋಣಿ ಮುಂದ ಐತಿ," ಎಂದರು.

ದೋಣಿ ಹತ್ತಿದೆವು. ಉದ್ದನೆಯ ದೋಣಿ, ಮೇಲೆ ಚಾಪೆಯ ಮಾಡು, ಹಿಂದುಗಡೆ ಅಂಬಿಗನ ಸಂಸಾರ. ನದಿಯ ಇಬ್ಬದಿಗೆ ಹಸಿರು ಮರ, ದೂರದಲ್ಲಿ ಬಿಳೀ ಗುಡ್ಡ, ಕೈ ಅದ್ದಿದರೆ ಜುಮ್ಮೆನ್ನುವ ನೀರು. ಬಿಸಿಲು ಇತ್ತು, ಆದರೆ ನಮ್ಮ ಬಿಸಿಲಿನ ಮುಂದೆ ಅದು ಇನ್ನೂ ಕಣ್ಣು ಬಿಡದ ಕೂಸು. ಮುಂಜಾನೆ, ಮಧ್ಯಾಹ್ನ, ಸಂಜೆ ಚಾಚಾ ಬಂದು ಮಾವನ ಹಣೆ ಮುಟ್ಟಿ ನೋಡುವರು. "ಒಣಾ ಐತಿ," ಎಂದು ಸಾರುವರು. ಮಾವ ಬಾಯಿ ಬಿಚ್ಚಿ ಹೊಗಳಲಿಲ್ಲ, ಆದರೆ ಮಧ್ಯಾಹ್ನ ಮಲಗಿದವರು ನಗುತ್ತಲೇ ನಿದ್ದೆ ಮಾಡುತ್ತಿದ್ದರು. ನಾನು ಮನಸ್ಸಿನಲ್ಲೇ ಹಂದರ ಹಾಕಿಸತೊಡಗಿದೆ.

ಸೋಲು ಹತ್ತಿರ ಬಂದದ್ದು ಗೌಡರಿಗೆ ತಿಳಿಯದೇ ಇರುತ್ತದೆಯೇ? ಒಂದು ಊಟದಲ್ಲಿ ರೊಟ್ಟಿಯ ಮೇಲೆ ಕೆಂಪು ಖಾರ ಗುಡ್ಡೆ ಹಾಕಿಕೊಂಡು ತಿನ್ನತೊಡಗಿದರು. ಕಣ್ಣು ಕೆಂಪಾಯಿತು, ಕಿವಿ ಕೆಂಪಾಯಿತು, ಕಡೆಗೆ ಮೂಗಿನ ತುದಿಯಲ್ಲಿ ಬೆವರಿನ ಹನಿ ಮೂಡಿತು.

"ಅತ್ತಾರ ಸಾಹೇಬ್ರ, ಬರ್ರಿ! ಬೆವರು!"

ಚಾಚಾ ಬಂದು ಮೂಗು ನೋಡಿದರು, ರೊಟ್ಟಿ ನೋಡಿದರು, ಡಬ್ಬಿ ಎತ್ತಿ ಮೂಸಿ ನೋಡಿ ಎರಡು ಸಲ ಸೀನಿದರು. ಆಮೇಲೆ ತೀರ್ಪು ಕೊಟ್ಟರು:

"ಈ ಬೆವರು ಕಾಶ್ಮೀರದ್ದಲ್ಲ ಗೌಡ್ರ. ಇದು ಟಿಕೋಟಾದ್ದು. ತಕರಾರಿದ್ದರ ನಿಮ್ಮ ಅಕ್ಕನ್ನ ಕೇಳ್ರಿ."

ಮಳೆ

ಉಳಿದದ್ದು ದೊಡ್ಡ ಕೆರೆ ಒಂದೇ. ಆ ದಂಡೆಯಿಂದ ಈ ದಂಡೆ ಕಾಣದಂಥ ಕೆರೆ. ಮಧ್ಯಾಹ್ನದ ಮೇಲೆ ಅಲ್ಲಿ ಗಾಳಿ ಏಳುತ್ತದೆ ಎಂದು ಅಂಬಿಗರು ಬೆಳಗಿನಲ್ಲೇ ದಾಟುತ್ತಾರೆ. ಅದನ್ನು ದಾಟಿ ಇಳಿದರೆ ಹುಡುಗಿ ನನ್ನಾಕಿ. "ಮಾವಾ, ಲಗೂ ಹೊರಡೂಣ್ರಿ," ಎಂದೆ. ಮಾವ ಅವತ್ತು ಲಿಂಗಪೂಜೆಗೆ ಕುಂತವರು ಏಳಲೇ ಇಲ್ಲ. ಎದ್ದ ಮೇಲೆ ಕಟಕ ರೊಟ್ಟಿಯನ್ನು ಒಂದೊಂದೇ ಚೂರು ಮುರಿದು ಅಗಿದರು. ಅಂಬಿಗ ಆಕಾಶ ನೋಡಿದ, ನಾನು ಮಾವನ ಬಾಯಿ ನೋಡಿದೆ.

ಕೆರೆಯ ನಡುವೆ ಮುಟ್ಟುವಷ್ಟರಲ್ಲಿ ಗುಡ್ಡದ ಹಿಂದಿನಿಂದ ಕರೀ ಮೋಡ ಎದ್ದಿತು. ಗಾಳಿ ಬಂತು. ಅಂಬಿಗ, ಅವನ ಹೆಂಡತಿ, ನಾನು, ಮೂವರೂ ಹುಟ್ಟು ಹಾಕಿ ದೋಣಿಯನ್ನು ಹೆಂಗೋ ಆ ದಂಡೆಯ ಆಳೆತ್ತರದ ಆಪಿನ ಹುಲ್ಲಿನೊಳಗೆ ನುಗ್ಗಿಸಿದೆವು. ಅಲ್ಲಿ ಮನುಷ್ಯರ ಸುಳಿವೇ ಇಲ್ಲ. ಹುಲ್ಲು, ನೀರು, ಎದ್ದು ಹಾರಿದ ಬಾತುಕೋಳಿ. ಹಿಂದೆಯೇ ಮಳೆ ಬಂತು.

ನಾನು ಓಡಿ ಬಂದು ಮಾವನನ್ನು ಚಾಪೆಯ ಮಾಡಿನ ನಟ್ಟನಡುವೆ ಕೂಡಿಸಿದೆ. ಎಡಕ್ಕೆ ಕಂಬಳಿ ಕಟ್ಟಿದೆ, ಬಲಕ್ಕೆ ಕೌದಿ ಕಟ್ಟಿದೆ. ಮೇಲೆ ಚಾಪೆ ಸಂದು ಬಿಟ್ಟ ಕಡೆ ನನ್ನ ಧೋತರವನ್ನೇ ತುರುಕಿದೆ. ಹೊರಗೆ ಆಕಾಶ ಹರಿದು ಬೀಳುತ್ತಿತ್ತು, ಒಳಗೆ ಮಾವ ಖಣಖಣ ಒಣಗಿದ್ದರು. ನಾನು ಚಡ್ಡಿಯಲ್ಲಿ ಥರಥರ ನಡುಗುತ್ತ, "ಒಂದು ಹನಿ ಬಿದ್ದೈತೇನ್ರಿ ಮಾವಾ?" ಎಂದು ಕೇಳಿದೆ.

ಮಾವನ ಲಕ್ಷ್ಯ ನನ್ನ ಕಡೆ ಇರಲಿಲ್ಲ. ದಂಡೆಯಿಂದ ಹಸಿ ಮಣ್ಣಿನ ವಾಸನೆ ಬಂದಿತ್ತು. ಅವರ ಮೂಗು ಅರಳಿತು. ಬಬಲೇಶ್ವರ ಬಿಡುವಾಗ ನಮ್ಮ ಕಡೆ ಮೋಡ ಬರೀ ಮುಖ ತೋರಿಸಿ ಹೋಗುತ್ತಿದ್ದವು. ಮೊದಲ ಮಳೆಗೆ ಅಂಗಳಕ್ಕೆ ಇಳಿದು ನಿಲ್ಲುವ ಭಾಗ್ಯ ಆ ವರ್ಷ ಇನ್ನೂ ಆಗಿರಲಿಲ್ಲ. ಎರೆ ಹೊಲದ ಮನುಷ್ಯ, ಮಳೆ ಸಪ್ಪಳ ಕೇಳುತ್ತ ಒಳಗೆ ಕೂಡುವುದು ಆದೀತೇ? ಒಮ್ಮೆಲೇ ಎದ್ದರು, ರುಮಾಲು ಕಿತ್ತು ಒಗೆದರು, ಕಂಬಳಿ ಸರಿಸಿ ದೋಣಿಯ ಮೂತಿಗೆ ಹೋಗಿ ಬೋಳು ತಲೆ ಒಡ್ಡಿ ನಿಂತರು.

"ಬಂತಲೇ! ಹೊಡೀ! ಹೊಡೀ ನಮ್ಮಪ್ಪಾ!" ಎಂದು ಎರಡೂ ಕೈ ಎತ್ತಿ ಕುಣಿದರು. ದೋಣಿಯೂ ಕುಣಿಯಿತು. ಅಂಬಿಗನ ಹೆಂಡತಿ ಒಲೆ ಹಿಡಿದುಕೊಂಡು ಚೀರಿದಳು.

ನನಗೆ ಮಾತ್ರ ಹುಡುಗಿ ನೀರಿನಲ್ಲಿ ಕೊಚ್ಚಿ ಹೋದಂತಾಯಿತು. ಒಂದು ಹನಿಯಲ್ಲ, ಇಡೀ ಮೋಡವೇ ಮಾವನ ನೆತ್ತಿಯ ಮೇಲೆ ಇತ್ತು. ಆಗ ಮಾವನಿಗೂ ಎಚ್ಚರ ಬಂತು. ಎತ್ತಿದ ಕೈ ಹಾಗೇ ನಿಂತವು. ತಿರುಗಿ ಚಾಚಾರನ್ನು ನೋಡಿ, ನೀರು ಸುರಿಯುವ ಮೀಸೆಯನ್ನು ಹುರಿ ಮಾಡಿ, "ಮಳಿ ಬಿತ್ತು. ಪಂಚರs, ನ್ಯಾಯ ಹೇಳ್ರಿ," ಎಂದರು.

ಚಾಚಾ ಮಾಡಿನ ಅಂಚಿಗೆ ಬಂದು ನಿಂತರು. "ಗೌಡ್ರ, ನೀವು ಕುಂತಲ್ಲಿ ಮಳಿ ಬಂದಿತ್ತೇನು?"

"ಇಲ್ಲ."

"ನಿಮ್ಮನ್ನ ಹೊರಗ ಯಾರರ ನೂಕಿದರೇನು?"

"ಇಲ್ಲ."

"ಈ ಹುಡುಗ ಉಟ್ಟ ಧೋತರಾ ಬಿಚ್ಚಿ ಸಂದಿಗೆ ಹೆಟ್ಟ್ಯಾನ. ನೀವು ರುಮಾಲಾ ಬಿಚ್ಚಿ ಮಳಿಗೆ ತಲಿ ಕೊಟ್ಟೀರಿ. ಕಳ್ಳ ಮನೀಗೆ ಬಂದರ ಕಾವಲದವನ ತಪ್ಪು. ಮನೀ ಯಜಮಾನ್ರs ಕಳ್ಳನ ಮನೀಗೆ ಊಟಕ್ಕ ಹೋದರ ಕಾವಲದವ ಏನ ಮಾಡ್ಯಾನು?"

ಮಾವ ಬಾಯಿ ತೆರೆದರು, ಮಳೆನೀರು ಬಾಯಿ ತುಂಬಿತು. ಅದನ್ನು ಉಗುಳಿದ ಮೇಲೆ ಅವರಿಗೆ ನಗು ಬಂತು. ಎಂಥಾ ನಗು! ಹುಲ್ಲಿನೊಳಗಿನ ಉಳಿದ ಬಾತುಕೋಳಿಗಳೂ ಹಾರಿಹೋದವು. ಒಳಗೆ ಬಂದವರೇ ಗಂಟು ಬಿಚ್ಚಿ ಬೆಲ್ಲದ ತುಣುಕು ತೆಗೆದು ನನ್ನ ಬಾಯಿಗೆ ಇಟ್ಟರು.

"ಗೆದ್ದಿಯಲೇ ಮಗನs. ಹುಡುಗಿ ನಿನ್ನಾಕಿ. ತಿಂಗಳಾ ಛಲೋ ಆರಿಸಿದಿ. ಇಂಥಾ ಸುಖಾ ನಾ ಕಂಡಿದ್ದಿಲ್ಲ."

ನಾನು ಕಾಲಿಗೆ ಬಿದ್ದೆ. ಚಡ್ಡಿಯಲ್ಲಿದ್ದೆ ಎಂಬುದೂ ಮರೆತಿತ್ತು. ಮಾವ ಎಬ್ಬಿಸಿ, ಗೌಡರ ಗತ್ತು ಮತ್ತೆ ತಂದುಕೊಂಡು ಬೆರಳು ಎತ್ತಿದರು.

"ಆದರ ಒಂದು ಮಾತು. ಅಕ್ಕಿಕಾಳು ಬಿದ್ದ ದಿನದಿಂದ ಈ ಊರೂರು ತಿರುಗೋದು ಬಂದ್. ಮನೀ, ಹೊಲಾ, ಹೇಂತಿ. ತಿಳೀತಿಲ್ಲೋ?"

"ತಿಳೀತ್ರಿ ಮಾವಾ."

ಮಳೆ ನಿಂತಿತ್ತು. ಮೋಡ ಸರಿದು ಗುಡ್ಡದ ನೆತ್ತಿ ತೊಳೆದಿಟ್ಟಂತೆ ಹೊಳೆಯುತ್ತಿತ್ತು. ಮಾವ ಕಣ್ಣಿಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ಅದನ್ನೇ ನೋಡಿದರು. ಆಮೇಲೆ ಚಾಚಾರಿಗೆ ಕೇಳಿಸದಂತೆ ನನ್ನ ಹತ್ತಿರ ಸರಿದು ಸಣ್ಣ ಧ್ವನಿಯಲ್ಲಿ ಕೇಳಿದರು:

"ಆ ಗುಡ್ಡದ ಆಚೀ ಕಡೆ ಏನೈತಲೇ?"

"ಇನ್ನೊಂದು ಹೊಳಿ ಐತಂತ್ರಿ."

"ಹೌದಾ? ಅದಕ್ಕ ಯಾವ ತಿಂಗಳಾ ಛಲೋ?"